ಕೆಲಸವಿಲ್ಲದವರ ಹಟ್ಟಿ

ಸರ್ವೆಗೆ ಆಯ್ಕೆಯಾದವರಿಗೆ ಮಧುಗಿರಿಯಲ್ಲಿ ಎರಡು ದಿನ ತರಬೇತಿ ಇತ್ತು. ಯಾವ ಊರಿನಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ಯಾರಿಗೆ ಯಾವ ತರಬೇತಿ ಬೇಕು, ಯಾರಿಗೆ ಇನ್ನೂ ಕಾರ್ಮಿಕರ ಕಾರ್ಡು ಸಿಕ್ಕಿಲ್ಲ ಎಂದು ಮನೆಮನೆಗೆ ಹೋಗಿ ಕೇಳಿ ಮೊಬೈಲಿನಲ್ಲಿ ತುಂಬಬೇಕಿತ್ತು. ಈ ಲೆಕ್ಕ ನೋಡಿಕೊಂಡೇ ಮುಂದಿನ ವರ್ಷ ಎಲ್ಲಿಗೆ ಏನು ಕೊಡಬೇಕು ಎಂದು ಸರ್ಕಾರ ತೀರ್ಮಾನಿಸುತ್ತದೆ ಎಂದು ಮೇಲ್ವಿಚಾರಕ ಅಂಜನ್ ಕುಮಾರ್ ನಾಲ್ಕು ಸಲ ಹೇಳಿದ. ಯಶೋದ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದಳು.

ಮೊದಲ ದಿನ ಎಲ್ಲರೂ ಎದ್ದು ನಿಂತು ತಮ್ಮ ಪರಿಚಯ ಹೇಳಬೇಕಾಯಿತು. ಪಾವಗಡದಿಂದ ಬಂದಿದ್ದ ಹುಡುಗಿಯ ತಾಯಿ ಅಂಗನವಾಡಿ ಟೀಚರು. ಶಿರಾದ ಹುಡುಗನ ಮನೆಯವರದು ಬಟ್ಟೆ ಅಂಗಡಿ. ಯಶೋದಳ ಸರದಿ ಬಂದಾಗ ಅವಳು, "ಪುರವರದ ಹತ್ರ ನಮ್ಮ ಹಟ್ಟಿ. ಅಪ್ಪ ಕುರಿ ಸಾಕಿದ್ದಾರೆ. ಅಮ್ಮ ಮನೇಲೇ ಇರ್ತಾರೆ" ಎಂದು ಹೇಳಿ ಕೂತಳು.

ಅಮ್ಮ ಮನೆಯಲ್ಲೇ ಇರುತ್ತಾಳೆ ಎನ್ನುವುದೇನೋ ನಿಜವೇ. ಅವಳ ತಾಯಿ ರಂಗಕ್ಕ ಹದಿನೈದು ವರ್ಷದಿಂದ ಮನೆಯ ಜಗುಲಿಯ ಮೇಲೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಶಿರಾದ ವ್ಯಾಪಾರಿ ಬಾಷಾ ಸಾಬ್ ಟೆಂಪೋದಲ್ಲಿ ಮೂಟೆ ತಂದು ಇಳಿಸಿ ಹೋಗುತ್ತಿದ್ದರು. ಕಲ್ಲಿನ ಮೇಲೆ ಹಣ್ಣಿಟ್ಟು, ಸಣ್ಣ ಕಬ್ಬಿಣದ ಸುತ್ತಿಗೆಯಿಂದ ಹೊಡೆದು, ಬೀಜ ಹಾರಿಸಿ, ನಾರು ಕಿತ್ತು ಕೊಡಬೇಕು. ಹಟ್ಟಿಗೆ ಈ ಕೆಲಸ ತಂದವಳೇ ರಂಗಕ್ಕ. ಈಗ ಅಲ್ಲಿನ ಹೆಚ್ಚುಕಡಿಮೆ ಎಲ್ಲ ಹೆಂಗಸರಿಗೂ ಅದೇ ಕೆಲಸ. ಯಾರಿಗೆ ಎಷ್ಟು ಮೂಟೆ ಎಂದು ಹಂಚುವವಳೂ ಅವಳೇ. ಬೆಳಿಗ್ಗೆ ಹಟ್ಟಿಗೆ ಕಾಲಿಟ್ಟರೆ ಮೊದಲು ಕೇಳುವುದು ಟಕಟಕ ಸದ್ದು.

ಅದರ ಹುಳಿ ವಾಸನೆ ಮನೆಯ ಹಾಸಿಗೆ, ಬಟ್ಟೆ, ತಲೆಗೂದಲಿಗೆಲ್ಲ ಹತ್ತುತ್ತಿತ್ತು. ಪದವಿಯ ಮೊದಲ ವರ್ಷದಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹಿಂದೆ ತಿರುಗಿ, "ಯಾರೇ ಇಲ್ಲಿ ಸಾರಿನ ಪಾತ್ರೆ ತಂದಿರೋದು?" ಎಂದು ನಕ್ಕಿದ್ದಳು. ಅವಳು ಯಾರನ್ನೂ ಉದ್ದೇಶಿಸಿ ಹೇಳಿರಲಿಲ್ಲ. ಆದರೂ ಯಶೋದ ಅಂದಿನಿಂದ ಕಾಲೇಜಿನ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತಿದ್ದಳು. ಪದವಿ ಪ್ರದಾನದ ದಿನ ಅಮ್ಮ ಬರುತ್ತೇನೆಂದಾಗ, ತಂದೆ ತಾಯಿಯನ್ನು ಒಳಗೆ ಬಿಡುವುದಿಲ್ಲ ಎಂದು ಸುಳ್ಳು ಹೇಳಿದ್ದಳು.

ತರಬೇತಿ ಮುಗಿದ ಮರುದಿನ ಅಂಜನ್ ಕುಮಾರ್ ಫೋನ್ ಮಾಡಿದ. "ನಿಮ್ಮ ಏರಿಯಾದಲ್ಲಿ ಮೊದಲನೇ ಮನೆ ನಾನೇ ಜೊತೇಲಿದ್ದು ಮಾಡಿಸ್ತೀನಿ. ಬೇರೆಯವರ ಮನೆ ಯಾಕೆ, ನಿಮ್ಮನೆಯಿಂದಲೇ ಶುರು ಮಾಡೋಣ. ಅರ್ಧ ಗಂಟೇಲಿ ಬರ್ತೀನಿ."

ಯಶೋದ ಆಗ ಪುರವರದ ಬಸ್ ಸ್ಟಾಪಿನಲ್ಲಿದ್ದಳು. ತಕ್ಷಣ ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮ, ನಮ್ಮ ಸಾರ್ ಬರ್ತಾವ್ರೆ. ಆ ಹುಣಸೇಹಣ್ಣೆಲ್ಲ ಒಳಗಿಕ್ಕು. ಜಗುಲಿ ತೊಳ್ದುಬುಡು. ಬೇರೆ ಸೀರೆ ಉಟ್ಕೋ."

"ಯಾಕೆ, ಮೂಟೆ ಇದ್ರೇನಾಯ್ತು?"

"ಹೇಳಿದಷ್ಟು ಮಾಡಮ್ಮ."

ರಂಗಕ್ಕ ಫೋನ್ ಇಟ್ಟಳು.

ಅಂಜನ್ ಕುಮಾರನ ಬೈಕಿನ ಹಿಂದೆ ಕೂತು ಯಶೋದ ಮನೆಗೆ ಬಂದಾಗ ಜಗುಲಿ ಇನ್ನೂ ಒದ್ದೆಯಾಗಿತ್ತು. ರಂಗಕ್ಕ ಮದುವೆ ಮುಂಜಿಗೆ ಉಡುವ ಹಸಿರು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಕೈಗಳೆರಡೂ ಸೆರಗಿನೊಳಗಿದ್ದವು. ಹುಣಸೆ ಹುಳಿಗೆ ಉಗುರು ಕಪ್ಪಾಗಿ, ಬೆರಳ ತುದಿಗಳೆಲ್ಲ ಬಿರುಕು ಬಿಟ್ಟಿದ್ದವು. ನೀರು ಕೊಡುವಾಗ ಮಾತ್ರ ಒಂದು ಕೈ ಹೊರಗೆ ಬಂತು. ಅಂಜನ್ ಕುಮಾರ್ ಲೋಟ ತೆಗೆದುಕೊಂಡು ಆ ಕೈಯನ್ನೊಮ್ಮೆ ನೋಡಿ, ಮೊಬೈಲ್ ತೆಗೆದ.

ಹೆಸರು, ವಯಸ್ಸು, ಆಧಾರ್ ಸಂಖ್ಯೆ ಎಲ್ಲ ಆಯಿತು.

"ಅಮ್ಮ, ನೀವು ಏನು ಕೆಲಸ ಮಾಡ್ತೀರಾ?" ಎಂದು ಅವನು ಕೇಳಿದ.

ರಂಗಕ್ಕ ಮಗಳ ಮುಖ ನೋಡಿದಳು. ಏನು ಹೇಳಲಿ ಎಂದು ಮಗುವೊಂದು ಟೀಚರನ್ನು ನೋಡುವ ಹಾಗಿತ್ತು ಆ ನೋಟ.

"ಅಮ್ಮ ಮನೇಲೇ ಇರ್ತಾರೆ ಸಾರ್" ಎಂದಳು ಯಶೋದ. "ಕೆಲಸಕ್ಕೇನೂ ಹೋಗಲ್ಲ."

"ಅಷ್ಟೇನಾ ಅಮ್ಮ?"

"ಹೂಂ ಸ್ವಾಮಿ. ಅಷ್ಟೇಯ" ಎಂದಳು ರಂಗಕ್ಕ.

ಯಶೋದ ತಾನೇ ಮೊಬೈಲ್ ತೆಗೆದುಕೊಂಡು 'ಕೆಲಸವಿಲ್ಲ' ಎಂಬುದನ್ನು ಒತ್ತಿದಳು.

ಅಂಜನ್ ಕುಮಾರ್ ಹೊರಟುಹೋದ ಮೇಲೆ ಉಳಿದ ಮನೆಗಳಿಗೆ ಅವಳು ಒಬ್ಬಳೇ ಹೋದಳು. ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಸುತ್ತಿಗೆ ಹಿಡಿದೇ ಮಾತಾಡಿದಳು. ಗಂಡ ಇಲ್ಲದವಳು. ಬಾಯಿ ಜೋರು, ಆದರೆ ಯಶೋದಳನ್ನು ಎತ್ತಿ ಆಡಿಸಿದವಳು.

"ಇದನ್ನ ಬರ್ಸಿದ್ರೆ ರೇಷನ್ ಕಾರ್ಡ್ ಕಿತ್ಕೊಳ್ತಾರೇನೇ? ದುಡಿಮೆ ಐತೆ ಅಂತ?"

ಕಿತ್ತುಕೊಳ್ಳುವುದಿಲ್ಲ ಎಂದು ಯಶೋದಳಿಗೆ ಗೊತ್ತಿತ್ತು. ತರಬೇತಿಯಲ್ಲಿ ಅದನ್ನೇ ಒತ್ತಿ ಹೇಳಿದ್ದರು. ಆದರೆ ಬಾಯಿಂದ ಹೊರಡಲಿಲ್ಲ.

"ಹೋಗ್ಲಿ, ನಿಮ್ಮಮ್ಮ ಏನಂತ ಬರ್ಸಿದ್ಲು?"

"ಕೆಲಸ ಇಲ್ಲ ಅಂತ."

"ರಂಗಕ್ಕ ಅಂಗೆ ಬರ್ಸಿದ್ರೆ ಯೋಚ್ನೆ ಮಾಡೇ ಬರ್ಸಿರ್ತಾಳೆ. ನಂದೂ ಅಂಗೇ ಬರಿ."

ಇಡೀ ಬೀದಿಯಲ್ಲಿ ಅದೇ ನಡೆಯಿತು. ಎಲ್ಲರೂ ರಂಗಕ್ಕ ಏನಂದಳು ಎಂದು ಕೇಳಿದರು, ಎಲ್ಲರೂ ಹಾಗೇ ಬರಿ ಅಂದರು. ಮೂರನೇ ಮನೆಯ ಹೊತ್ತಿಗೆ ಯಶೋದಳಿಗೆ ಅನ್ನಿಸಿತು, ಈಗ ಒಬ್ಬರದು ಹುಣಸೆ ಕೆಲಸ ಅಂತ ಬರೆದರೂ ಅಮ್ಮನದು ಯಾಕಿಲ್ಲ ಎಂಬ ಪ್ರಶ್ನೆ ಬರುತ್ತದೆ. ಎದುರಿಗೆ ರಾಶಿ ಹಣ್ಣು, ಹಾರಿ ಬಂದು ಕಾಲಿಗೆ ತಾಕುವ ಬೀಜ, ಕಿವಿ ತುಂಬ ಸುತ್ತಿಗೆಯ ಸದ್ದು. ಅದರ ನಡುವೆ ನಿಂತು ನಲವತ್ತಾರು ಮನೆಯ ಹೆಂಗಸರಿಗೂ ಅವಳು ಕೆಲಸವಿಲ್ಲ ಎಂದು ಒತ್ತಿದಳು. ಮೂರು ದಿನದ ಕೆಲಸ ಎರಡೇ ದಿನಕ್ಕೆ ಮುಗಿಯಿತು. ಅಂಜನ್ ಕುಮಾರ್ ಸರ್ವೆಯವರ ವಾಟ್ಸಾಪ್ ಗುಂಪಿನಲ್ಲಿ ಅವಳ ಹೆಸರು ಹಾಕಿ ಅಭಿನಂದನೆ ಹೇಳಿದ.

ಆಷಾಢದಲ್ಲಿ ಗಂಗಲಕ್ಷ್ಮಮ್ಮನ ಸುತ್ತಿಗೆ ಜಾರಿತು. ಎಡಗೈಯ ನಡುಬೆರಳು ಜಜ್ಜಿಹೋಯಿತು. ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಒಂದು ವಾರ ಅದೇ ಕೈಯಲ್ಲಿ ಹಣ್ಣು ಕುಟ್ಟಿದಳು. ಗಾಯಕ್ಕೆ ಹುಳಿ ಇಳಿದು, ಬೆರಳು ಊದಿ, ಕಪ್ಪಾಗಿ, ಕೊನೆಗೆ ತುಮಕೂರಿನಲ್ಲಿ ಬೆರಳನ್ನೇ ತೆಗೆದರು. ಪರಿಹಾರಕ್ಕೆ ಕಾರ್ಮಿಕರ ಕಾರ್ಡ್ ಇದೆಯಾ ಎಂದು ಆಸ್ಪತ್ರೆಯಲ್ಲಿ ಕೇಳಿದರಂತೆ. "ನಾನ್ಯಾವ ಕಾರ್ಮಿಕಳು ಬುಡಿ, ಮನೇಲಿರೋಳು ಅಂದೆ" ಎಂದು ಅವಳು ಬಂದವರ ಹತ್ತಿರವೆಲ್ಲ ನಗುತ್ತಾ ಹೇಳುತ್ತಿದ್ದಳು. ನೋಡಲು ಹೋಗಿದ್ದ ಯಶೋದ ಆ ಮಾತು ಕೇಳಿ, ತಂದಿದ್ದ ಬಾಳೆಹಣ್ಣಿನ ಚೀಲ ಇಟ್ಟು ಕೂರದೆ ವಾಪಸ್ಸು ಬಂದಳು. ಆಮೇಲೆ ಆ ಮನೆಯ ಮುಂದೆ ಹಾಯುವುದನ್ನೇ ಬಿಟ್ಟು ಹಿಂದಿನ ಓಣಿಯಲ್ಲಿ ಓಡಾಡಲು ಶುರು ಮಾಡಿದಳು.

ಶ್ರಾವಣದಲ್ಲಿ ಬಾಷಾ ಸಾಬ್ ಮೂಟೆ ಇಳಿಸುತ್ತಾ ಒಂದು ಸುದ್ದಿ ಹೇಳಿದರು.

"ಅರೆ ರಂಗಕ್ಕ, ಕೊರಟಗೆರೆ ಕಡೆ ಒಂದೂರಲ್ಲಿ ಹುಣಸೇಹಣ್ಣಿನ ಹೆಂಗಸರಿಗೆ ಗೌರ್ಮೆಂಟಿಂದ ಶೆಡ್ ಬರ್ತಾ ಐತೆ. ಬೀಜ ತೆಗೆಯೋ ಮಿಷನ್ನು, ಕೈಗೆ ಗ್ಲೌಸು, ಪ್ಯಾಕಿಂಗ್ ಟ್ರೇನಿಂಗು, ಎಲ್ರಿಗೂ ಕಾರ್ಡು. ಅಲ್ಲಿ ಇಪ್ಪತ್ತು ಜನಾನೂ ಇಲ್ಲ. ಇಲ್ಲಿ ಇಷ್ಟೊಂದು ಜನ ಇದೀರಾ, ನಿಮ್ಗ್ಯಾಕೆ ಬರ್ಲಿಲ್ಲ?"

ಮರುದಿನ ಬೆಳಿಗ್ಗೆ ಹನ್ನೊಂದು ಹೆಂಗಸರು ಸರ್ವೆ ಮಾಡಿಸಿದ ಮಧುಗಿರಿಯ ಆಫೀಸಿಗೆ ಹೋಗಿ ಕೇಳುವುದೆಂದು ಹೊರಟರು. ರಂಗಕ್ಕ ಮುಂದೆ. ಕೈಗೆ ಇನ್ನೂ ಬಟ್ಟೆ ಸುತ್ತಿಕೊಂಡಿದ್ದ ಗಂಗಲಕ್ಷ್ಮಮ್ಮನೂ ಬಂದಳು.

"ಯಶೋದಾನೂ ಬರ್ಲಿ" ಎಂದಳು ಅವಳು. "ಸರ್ವೆ ಮಾಡಿದ್ದು ನಮ್ಮುಡುಗೀನೇ. ಅವ್ಳಿಗೆ ಗೊತ್ತಿರ್ತೈತೆ."

ಹೊಟ್ಟೆನೋವು ಎಂದು ಹೇಳಿ ಉಳಿದುಬಿಡಬಹುದಿತ್ತು. ಆದರೆ ಬಾಗಿಲ ಮುಂದೆ ಹನ್ನೊಂದು ಜನ ನಿಂತು ಕಾಯುತ್ತಿದ್ದರು. ಯಶೋದ ಚಪ್ಪಲಿ ಹಾಕಿಕೊಂಡಳು.

ಆಫೀಸಿನಲ್ಲಿದ್ದ ಅಧಿಕಾರಿ ಕುಮಾರಸ್ವಾಮಿಯವರು ಒರಟು ಮನುಷ್ಯರೇನಲ್ಲ. ಎಲ್ಲರನ್ನೂ ಒಳಗೆ ಕರೆದು, ಇದ್ದಷ್ಟು ಕುರ್ಚಿಗೆ ವಯಸ್ಸಾದವರನ್ನು ಕೂರಿಸಿ, ಕಂಪ್ಯೂಟರಿನಲ್ಲಿ ಹಟ್ಟಿಯ ಹೆಸರು ಹುಡುಕಿದರು. ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು.

"ನಲವತ್ತಾರು ಮನೆ. ಮನೆಯಲ್ಲೇ ಕೂತು ದುಡಿಯುವ ಹೆಂಗಸರು ಸೊನ್ನೆ. ತರಬೇತಿ ಬೇಕು ಅಂದವರೂ ಸೊನ್ನೆ. ನಿಮ್ಮಲ್ಲಿ ಒಬ್ಬರಿಗೂ ಕೆಲಸವೇ ಇಲ್ಲ ಅಂತಿದೆಯಲ್ಲಮ್ಮ. ಇಲ್ಲದವರಿಗೆ ಯಾವ ಶೆಡ್ ಮಂಜೂರು ಮಾಡೋದು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದನ್ನ ಬರೆದವರು ಯಾರು?" ಎಂದು ಕುಮಾರಸ್ವಾಮಿಯವರೇ ಪರದೆಯ ಮೇಲೆ ಬೆರಳಿಟ್ಟು ಓದಿದರು. "ಯಶೋದ ಬಿ."

ಯಶೋದ ಬಾಗಿಲ ಪಕ್ಕ ನಿಂತಿದ್ದಳು. ನಾನೇ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ರಂಗಕ್ಕ ಕುರ್ಚಿಯಿಂದ ಎದ್ದಳು.

"ಅವ್ಳ್ದೇನೂ ತಪ್ಪಿಲ್ಲ ಸ್ವಾಮಿ. ನಾನೇ ಅಂಗೆ ಬರಿ ಅಂದಿದ್ದು. ರೇಷನ್ ಕಾರ್ಡ್ ಹೋಗ್ಬುಡ್ತದೆ ಅಂತ ಹೆದ್ರುಕೊಂಡೆ. ಅವಳು ಬ್ಯಾಡ ಅಂತ ಎಷ್ಟೋ ಹೇಳಿದ್ಲು. ನಾನೇ ಕೇಳ್ಲಿಲ್ಲ."

"ಎಲ್ಲರಿಗೂ ನೀವೇ ಹೇಳಿದ್ರಾ?"

"ಹೂಂ. ಎಲ್ರಿಗೂ ನಾನೇಯ."

ಅಮ್ಮ ಇಷ್ಟು ನಿರರ್ಗಳವಾಗಿ ಸುಳ್ಳು ಹೇಳಿದ್ದನ್ನು ಯಶೋದ ಯಾವತ್ತೂ ಕೇಳಿರಲಿಲ್ಲ. 'ಅಲ್ಲ, ನಾನು' ಎಂದು ಹೇಳಬೇಕಾದ ಕ್ಷಣ ಅದೇ ಆಗಿತ್ತು. ಅವಳು ಹೇಳಲಿಲ್ಲ. ಕುಮಾರಸ್ವಾಮಿಯವರು ಮುಂದಿನ ಸರ್ವೆಯಲ್ಲಿ ಸರಿಯಾಗಿ ಬರೆಸಿ ಎಂದರು. ಅದು ಯಾವಾಗ ಎಂದು ಯಾರೋ ಕೇಳಿದರು. ಎರಡು ವರ್ಷವಾಗಬಹುದು ಎಂದರು.

ವಾಪಸ್ಸು ಬರುವ ಬಸ್ಸಿನಲ್ಲಿ ಹೆಂಗಸರು ರಂಗಕ್ಕನನ್ನು ಬಿಡಲಿಲ್ಲ.

"ನಿನ್ ಮಾತು ನಂಬ್ಕೊಂಡು ಬರ್ಸಿದ್ವಲ್ಲ ನಾವು."

"ಬಾಷಾ ಸಾಬ್ ಹತ್ರ ನಿಂಗೇನೋ ಮಾತಾಗಿರ್ಬೇಕು. ಶೆಡ್ ಬಂದ್ರೆ ಮೂಟೆ ಹಂಚೋ ದೊಡ್ಡಸ್ತಿಕೆ ಹೋಗ್ತದಲ್ಲ."

ಗಂಗಲಕ್ಷ್ಮಮ್ಮ ಮಾತ್ರ ಕಿಟಕಿಯ ಆಚೆ ನೋಡುತ್ತಿದ್ದಳು. ಯಶೋದ ಎರಡು ಸೀಟು ಹಿಂದೆ ಕೂತು, ಮಧುಗಿರಿಯಿಂದ ಪುರವರದವರೆಗೂ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೇ ಇದ್ದಳು. ಪ್ರತಿ ಸ್ಟಾಪಿನಲ್ಲೂ, ಈಗ ಹೇಳುತ್ತೇನೆ ಎಂದುಕೊಂಡಳು. ಬಸ್ಸು ಹೊರಟಾಗಲೆಲ್ಲ ಮುಂದಿನ ಸ್ಟಾಪಿಗೆ ಎಂದುಕೊಂಡಳು.

ಆ ವಾರ ರಂಗಕ್ಕನ ಜಗುಲಿಗೆ ಯಾರೂ ಬರಲಿಲ್ಲ. ಬಾಷಾ ಸಾಬ್ ಬಂದಾಗ ಹೆಂಗಸರು ತಾವೇ ಹೋಗಿ ಟೆಂಪೋದಿಂದ ಮೂಟೆ ಇಳಿಸಿಕೊಂಡರು. ನಲ್ಲಿಯ ಹತ್ತಿರ ರಂಗಕ್ಕ ಕೊಡ ಇಟ್ಟರೆ ಮಾತು ನಿಲ್ಲುತ್ತಿತ್ತು. ಕುರಿ ಹೊಡೆದುಕೊಂಡು ಸಂಜೆ ಮನೆಗೆ ಬಂದ ಅಪ್ಪ ಬೋರಣ್ಣ, "ಏನಾಗೈತೆ ಇವ್ರಿಗೆಲ್ಲ?" ಎಂದು ಕೇಳಿದಾಗ ರಂಗಕ್ಕ, "ಏನೂ ಇಲ್ಲ, ಉಣ್ಣು" ಎಂದಳು. ಯಶೋದಳ ತಟ್ಟೆಗೆ ಎಂದಿನಂತೆ ಮೊದಲ ಮುದ್ದೆ ಇಟ್ಟಳು. ಮಗಳ ಮೇಲೆ ಒಂದು ಮಾತಿಲ್ಲ, ಒಂದು ಸಿಡುಕಿಲ್ಲ.

ಎಂಟನೇ ದಿನ ಅವಳು ಗಂಗಲಕ್ಷ್ಮಮ್ಮನ ಮನೆಗೆ ಹೋದಳು. ಒಂದು ಕೈಯಲ್ಲಿ ಹಣ್ಣು ಹಿಡಿಯಲಾಗದೆ ಗಂಗಲಕ್ಷ್ಮಮ್ಮ ಕಾಲ ಬೆರಳ ನಡುವೆ ಹಣ್ಣು ಸಿಕ್ಕಿಸಿಕೊಂಡು ನಾರು ಕೀಳುತ್ತಿದ್ದಳು.

"ದೊಡ್ಡಮ್ಮ, ಅಮ್ಮ ಹೇಳಿದ್ದು ಸುಳ್ಳು. ಅವಳೇನೂ ಬರ್ಸಿರ್ಲಿಲ್ಲ. ನಾನೇ ಬರ್ದಿದ್ದು."

ಗಂಗಲಕ್ಷ್ಮಮ್ಮ ತಲೆ ಎತ್ತಲಿಲ್ಲ. "ಯಾಕೆ?"

"ಸಾರ್ ಎದುರಿಗೆ ನಾಚಿಕೆ ಆಯ್ತು. ಅಮ್ಮ ಹುಣಸೇಹಣ್ಣು ಕುಟ್ತಾಳೆ ಅಂತ ಹೇಳೋಕೆ."

"ಅದು ನಿಮ್ಮಮ್ಮನ ವಿಷ್ಯ. ನಂದು?"

"ನಿಮ್ದು ಬರ್ದಿದ್ರೆ ಅಮ್ಮನ್ದು ಗೊತ್ತಾಗ್ತಿತ್ತು."

ನಾರು ಕೀಳುವ ಕೈ ನಿಂತಿತು. ಗಂಗಲಕ್ಷ್ಮಮ್ಮ ಈಗ ಅವಳನ್ನು ನೇರವಾಗಿ ನೋಡಿದಳು.

"ಆಸ್ಪತ್ರೇಲಿ ಕಾರ್ಡ್ ಕೇಳ್ದಾಗ ನಾನು ಮನೇಲಿರೋಳು ಅಂತ ನಗ್ತಾ ನಗ್ತಾ ಹೇಳ್ದೆ ಕಣೇ. ನೀನು ಬರ್ದಿದ್ದನ್ನೇ ನಾನೂ ನಂಬ್ಕೊಂಡಿದ್ದೆ. ನೀನು ತಿಂದಿದ್ದು, ಉಟ್ಟಿದ್ದು, ಓದಿದ್ದು ಎಲ್ಲ ಯಾತ್ರಿಂದ ಬಂತು?"

ಯಶೋದ ಅಳಲು ಶುರು ಮಾಡಿದಳು.

"ಅಳ್ಬ್ಯಾಡ. ಅತ್ರೆ ನಾನು ಸಮಾಧಾನ ಮಾಡ್ಬೇಕಾಗ್ತದೆ, ನಂಗೆ ಅದು ಬ್ಯಾಡ. ನನ್ ಹತ್ರ ಹೇಳಿ ಏನು ಬಂತು? ಎಲ್ಲಿ ಬರ್ದೆಯೋ ಅಲ್ಲಿ ಹೋಗಿ ಹೇಳು. ಬೀದಿಗೂ ನೀನೇ ಹೇಳು, ನನ್ ಬಾಯಲ್ಲಿ ಹೇಳ್ಸ್ಬ್ಯಾಡ."

ಅವತ್ತೇ ಮಧ್ಯಾಹ್ನ ಯಶೋದ ಹಟ್ಟಿಯ ಮನೆಮನೆಗೂ ಹೋದಳು. ಸರ್ವೆಗೆ ಹೋದ ಹಾಗೆಯೇ, ಒಂದು ಮನೆಯನ್ನೂ ಬಿಡದೆ. ಕೆಲವರು ಬೈದರು. ಒಬ್ಬಳು ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡಳು. ಒಬ್ಬ ಮುದುಕಿಗೆ ಕಿವಿ ಕೇಳದೆ ಎರಡೆರಡು ಸಲ ಜೋರಾಗಿ ಹೇಳಬೇಕಾಯಿತು. "ನಾನೇ ಸುಳ್ಳು ಬರ್ದೆ ಅಜ್ಜಿ" ಎಂದು ಅವಳು ಕೂಗಿದ್ದು ಅರ್ಧ ಬೀದಿಗೆ ಕೇಳಿತು.

ಮರುದಿನ ಮಧುಗಿರಿಗೆ ಹೋಗಿ, ನಡೆದದ್ದನ್ನೆಲ್ಲ ಕೈಯಾರೆ ಬರೆದ ಎರಡು ಪುಟದ ಕಾಗದವನ್ನು ಕುಮಾರಸ್ವಾಮಿಯವರ ಮೇಜಿನ ಮೇಲಿಟ್ಟಳು. ಅವರು ಪೂರ್ತಿ ಓದಿದರು.

"ಇದನ್ನ ನಾನು ತಗೊಂಡ್ರೆ ಮೇಲಕ್ಕೆ ಕಳಿಸ್ಲೇಬೇಕು. ಆಮೇಲೆ ನಿಮಗೆ ಯಾವ ಸರ್ವೆ ಕೆಲಸವೂ ಸಿಗಲ್ಲ. ಮನೆಗೆ ತಗೊಂಡು ಹೋಗಿ ಇನ್ನೊಂದು ಸಲ ಯೋಚನೆ ಮಾಡ್ತೀರಾ?"

"ಕಳಿಸಿ ಸಾರ್."

"ನಿಮ್ಮ ತಾಯಿ ಅವತ್ತು ಸುಳ್ಳು ಹೇಳ್ತಿದ್ದಾರೆ ಅಂತ ನನಗೆ ಅನ್ನಿಸಿತ್ತು" ಎಂದು ಅವರು ಮುದ್ರೆ ಒತ್ತಿದರು. "ನೀವು ಬರ್ತೀರಾ ಅಂತ ಮಾತ್ರ ಅಂದ್ಕೊಂಡಿರಲಿಲ್ಲ."

ಅಂಜನ್ ಕುಮಾರನಿಂದಲೂ ವಿವರಣೆ ಕೇಳಿದರು. ಆಫೀಸಿನ ಹೊರಗೆ ಸಿಕ್ಕಾಗ ಅವನು ಸಿಟ್ಟಿನಲ್ಲಿದ್ದ. ಯಶೋದ ತಪ್ಪಾಯಿತು ಎಂದಳು. ಅವನು ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ.

"ನೀರು ಕೊಡುವಾಗ ನಿಮ್ಮಮ್ಮನ ಉಗುರು ನೋಡಿದ್ದೆ ನಾನು. ಗೊತ್ತಾಗಿತ್ತು. ಆ ತಿಂಗಳೊಳಗೆ ಇಪ್ಪತ್ತೆರಡು ಊರು ಮುಗಿಸಬೇಕಿತ್ತು. ಇನ್ನೊಂದು ಸಲ ಕೇಳೋದು ನನಗೆ ಬೇಕಿರಲಿಲ್ಲ." ಅಷ್ಟು ಹೇಳಿ ಗಾಡಿ ಹತ್ತಿದ.

ಮನೆಗೆ ಬಂದಾಗ ರಂಗಕ್ಕನಿಗೆ ಎಲ್ಲ ಗೊತ್ತಾಗಿತ್ತು. ಅವಳು ಮಗಳನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಕೂತು ಹಣ್ಣು ಕುಟ್ಟುತ್ತಲೇ ಇದ್ದಳು. ಯಶೋದಳೇ ಕೇಳಿದಳು.

"ಅವತ್ತು ನನ್ನ ಉಳ್ಸೋಕೆ ಅಂತ ಯಾಕಮ್ಮ ಸುಳ್ಳು ಹೇಳ್ದೆ?"

"ನಿನ್ ಒಬ್ಬಳ್ನೇ ಅಲ್ಲ" ಎಂದಳು ರಂಗಕ್ಕ. "ನೀನು ಫೋನ್ ಮಾಡಿ ಒಳಗಿಕ್ಕು ಅಂದಾಗ ನಂಗೇನೂ ಬೇಜಾರಾಗ್ಲಿಲ್ಲ ಕಣೇ. ಸರಿ ಅನ್ನಿಸ್ತು. ನಿಮ್ಮ ಸಾರ್ ಬಂದ್ರೆ ಇದು ಕಾಣ್ಬಾರ್ದು ಅಂತ ನಂಗೂ ಅನ್ನಿಸ್ತು. ನೀನು ಕಾಲೇಜು ಬಟ್ಟೆ ಕವರಲ್ಲಿ ಕಟ್ಟಿಡೋದು ನೋಡಿದ್ದೆ. ಇಡ್ಲಿ ಬುಡು, ನನ್ ವಾಸ್ನೆ ಅವ್ಳಿಗ್ಯಾಕೆ ಅಂದ್ಕೊಂಡಿದ್ದೆ. ಅವ್ರು ಏನ್ ಕೆಲ್ಸ ಅಂತ ಕೇಳ್ದಾಗ ಬಾಯ್ಬುಟ್ಟು ಹೇಳಿದ್ರೆ ನೀನೇನು ಕೈ ಹಿಡ್ಕೊಂತಿದ್ಯಾ? ನಾನೂ ಹೇಳ್ಲಿಲ್ಲ. ನಂದೂ ತಪ್ಪೇ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತನ್ನ ನಾಚಿಕೆಯನ್ನು ಅಮ್ಮ ಇಷ್ಟು ವರ್ಷ ತನ್ನದೇ ಎಂದು ಹೊತ್ತುಕೊಂಡಿದ್ದಳು ಎಂಬುದನ್ನು ಯಶೋದಳಿಗೆ ತಡೆದುಕೊಳ್ಳಲು ಆಗಲಿಲ್ಲ. ಎದ್ದು ಹಿತ್ತಿಲಿಗೆ ಹೋದಳು.

ಒಂದೂವರೆ ತಿಂಗಳ ಮೇಲೆ ಹಟ್ಟಿಗೆ ಮಾತ್ರ ಮರುಸರ್ವೆ ಆಯಿತು. ಬೇರೆ ತಾಲ್ಲೂಕಿನ ಹುಡುಗಿಯೊಬ್ಬಳು ಬಂದು ಎರಡು ದಿನ ಕೂತು ಬರೆದುಕೊಂಡು ಹೋದಳು. ಈ ಹೊತ್ತಿಗೆ ಶೆಡ್ಡು ಕೊರಟಗೆರೆ ಕಡೆಯ ಊರಿಗೆ ಮಂಜೂರಾಗಿ ಪಾಯವೂ ತೋಡಿದ್ದರು. ಈ ಹಟ್ಟಿಯ ಹೆಸರು ಮುಂದಿನ ವರ್ಷದ ಪಟ್ಟಿಯಲ್ಲಿದೆ ಎಂದು ಹೇಳಿದರು. ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಕಾರ್ಡಿಗೆ ಮಾತ್ರ ಅರ್ಜಿ ಹಾಕಬಹುದು ಎಂದರು. ಗಂಗಲಕ್ಷ್ಮಮ್ಮನ ಬೆರಳಿಗೆ ಯಾವ ಪರಿಹಾರವೂ ಇಲ್ಲ, ಅದು ಕಾರ್ಡಿಗಿಂತ ಮೊದಲು ಆದದ್ದು.

ಅರ್ಜಿ ಹಾಕಲು ಹೆಂಗಸರನ್ನು ಪುರವರಕ್ಕೆ ಕರೆದುಕೊಂಡು ಹೋಗುವ ಕೆಲಸವನ್ನು ಯಶೋದ ಯಾರೂ ಹೇಳದೆ ಮೈಮೇಲೆ ಹಾಕಿಕೊಂಡಳು. ದಿನಕ್ಕೆ ನಾಲ್ಕೈದು ಜನ. ಗಂಗಲಕ್ಷ್ಮಮ್ಮ ಎಲ್ಲರೂ ಮುಗಿದ ಮೇಲೆ, ಕೊನೆಯ ದಿನ ಬಂದಳು.

ಸೇವಾ ಕೇಂದ್ರದ ಮಿಷನ್ನು ಅವಳ ಹೆಬ್ಬೆರಳನ್ನು ಹಿಡಿಯಲಿಲ್ಲ. ಹುಳಿಗೆ ಗೆರೆಯೆಲ್ಲ ಸವೆದುಹೋಗಿತ್ತು. ತೋರುಬೆರಳು ಇಟ್ಟರೂ ಕೆಂಪು ದೀಪ. ಯಶೋದ ದುಪಟ್ಟಾ ಒದ್ದೆ ಮಾಡಿಕೊಂಡು ಅವಳ ಕೈಯನ್ನು ತನ್ನ ಮಡಿಲಲ್ಲಿಟ್ಟು ಒಂದೊಂದೇ ಬೆರಳು ಒರೆಸಿ ಒಣಗಿಸಿ ಇಡಿಸಿದಳು. ಬಲಗೈ ಮುಗಿಯಿತು. ಎಡಗೈಯಲ್ಲಿ, ಖಾಲಿ ಜಾಗವನ್ನು ದಾಟಿ, ಉಂಗುರದ ಬೆರಳು ಇಟ್ಟಾಗ ಹಸಿರು ದೀಪ ಹತ್ತಿತು.

"ಆಯ್ತಾ?" ಎಂದಳು ಗಂಗಲಕ್ಷ್ಮಮ್ಮ.

"ಆಯ್ತು ದೊಡ್ಡಮ್ಮ. ಹುಣಸೇಹಣ್ಣು ಸಂಸ್ಕರಣೆ ಕಾರ್ಮಿಕರು ಅಂತ ಬಂದೈತೆ."

ಗಂಗಲಕ್ಷ್ಮಮ್ಮ ರಸೀದಿಯನ್ನು ತಲೆಕೆಳಗಾಗಿ ಹಿಡಿದು ನೋಡಿ, ಮಡಿಸಿ ಎಲೆಯಡಿಕೆಯ ಚೀಲಕ್ಕೆ ಹಾಕಿಕೊಂಡಳು. ಬಸ್ಸು ಬಂತು. ಯಶೋದ ಮೊದಲು ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು, ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಗಂಗಲಕ್ಷ್ಮಮ್ಮ ಅದನ್ನು ನೋಡಿದಳು. ನೋಡಿ, ಮುಂದಿನ ಸೀಟಿನಲ್ಲಿ ಒಬ್ಬಳೇ ಹೋಗಿ ಕೂತಳು. ಕಂಡಕ್ಟರು ಹೆಂಗಸರ ಫ್ರೀ ಟಿಕೆಟ್ಟಿಗೆ ಕಾರ್ಡು ಕೇಳಿದಾಗ ಮಾತ್ರ ಹಿಂದಕ್ಕೆ ತಿರುಗದೆ, "ಆಧಾರ್ ಕಾರ್ಡ್ ಆ ಹುಡುಗಿ ಹತ್ರ ಐತೆ, ನೋಡ್ಕೊಳ್ಳಿ" ಎಂದಳು.